ನಾನು ಹಾಲು ಉಕ್ಕಿಸಿದ ಮನೆ

ಪುಣೆಯಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ಮಾಲೀಕಳು ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು. ತಾಳಿ ಕಂಡ ಮೇಲೆ ಕುರ್ಚಿ ತೋರಿಸಿದಳು. "ತುಮಚೇ ಮಿಸ್ಟರ್ ಕುಠೆ?" ಎಂದಳು. ಇಲ್ಲಿ ಗಂಡನಿಗೆ ಮಿಸ್ಟರ್ ಎನ್ನುತ್ತಾರೆ. ನಿಮ್ಮ ಗಂಡ ಎಲ್ಲಿ ಎಂದು ಕೇಳಿದ್ದು. ಜೊತೆಗೆ ಬಂದಿದ್ದ ಆಸ್ಪತ್ರೆಯ ಗೆಳತಿ ದಾರಿಯಲ್ಲೇ ಉತ್ತರ ಬಾಯಿಪಾಠ ಮಾಡಿಸಿದ್ದಳು. "ಗಾವಾಲಾ" ಅಂದೆ. ಊರಲ್ಲಿದ್ದಾರೆ. ಸುಳ್ಳೇನಲ್ಲ. ಹರಪನಹಳ್ಳಿ ತಾಲೂಕಿನ ಅರಸೀಕೆರೆಯಲ್ಲಿ ಅವನು ಗಟ್ಟಿಮುಟ್ಟಾಗಿಯೇ ಇದ್ದಾನೆ. ಅವನ ಜೊತೆ ನಾನು ಬಾಳಬೇಕಾಗಿಲ್ಲ ಎಂದು ಕೋರ್ಟು ಹೇಳಿದೆ, ಅಷ್ಟೆ. ಅಷ್ಟನ್ನು ಮರಾಠಿಯಲ್ಲಿ ಹೇಳಲು ಬರುತ್ತಿರಲಿಲ್ಲ, ಬಂದಿದ್ದರೂ ಹೇಳುತ್ತಿರಲಿಲ್ಲ. ಒಂಟಿ ಹೆಂಗಸಿಗೆ ಮನೆ ಕೊಡದ ವಿಷಯದಲ್ಲಿ ಪುಣೆಗೂ ನನ್ನ ತವರು ಹಿರೇಹಡಗಲಿಗೂ ಏನೂ ವ್ಯತ್ಯಾಸವಿಲ್ಲ.

ನನ್ನ ಈ ಸ್ಥಿತಿಗೆ ಕಾನೂನಿನಲ್ಲಿ ನ್ಯಾಯಿಕ ಪ್ರತ್ಯೇಕತೆ ಎನ್ನುತ್ತಾರೆ. ಮದುವೆ ಹಾಗೇ ಇರುತ್ತದೆ, ಕೂಡಿ ಬಾಳುವ ಕಟ್ಟು ಮಾತ್ರ ಇರುವುದಿಲ್ಲ. ಅವನ ಹೊಡೆತ ತಾಳದೆ ತವರಿಗೆ ಬಂದಾಗ ನಾನು ಕೇಳಿದ್ದು ವಿಚ್ಛೇದನ. ಅಪ್ಪ ಒಪ್ಪಲಿಲ್ಲ.

"ನಿನ್ನ ತಂಗಿ ಮದುವಿ ಆಗೋದೈತಿ. ಡೈವರ್ಸ್ ಆದ ಮನಿ ಅಂದ್ರ ಯಾರು ಬರ್ತಾರ? ದೂರ ಇರು, ಮುರಕೊಬ್ಯಾಡ" ಅಂದ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಾಸುಂಡೆ ಎದ್ದಿದ್ದ ನನ್ನ ಬೆನ್ನು ಯಾರ ಲೆಕ್ಕಕ್ಕೂ ಬರಲಿಲ್ಲ. ಹರಪನಹಳ್ಳಿಯ ನಮ್ಮ ವಕೀಲರು ಸಮಾಧಾನ ಹೇಳಿದರು: "ಆದೇಶ ಆದಮ್ಯಾಲೆ ಒಂದು ವರ್ಷ ಕೂಡಿ ಬಾಳಲಿಲ್ಲಂದ್ರ ಡೈವರ್ಸಿಗೆ ಹಾಕಬೌದವ್ವಾ. ಅಷ್ಟ್ರಾಗ ತಂಗಿ ಮದುವೀನೂ ಆಕ್ಕೈತಿ." ಆ ಒಂದು ವರ್ಷ ಕಳೆಯಲೆಂದೇ ಪುಣೆಗೆ ಬಂದೆ. ಮದುವೆಗೆ ಮುಂಚೆ ಓದಿದ್ದ ನರ್ಸಿಂಗ್ ಕೈಹಿಡಿಯಿತು.

ವಾರ್ಡಿನಲ್ಲಿ ಮೊದಲು ಕಲಿತ ಮಾತು "ಕುಠೆ ದುಖತಂಯ್?" ಎಲ್ಲಿ ನೋವು? ದಿನವಿಡೀ ಕಂಡವರನ್ನೆಲ್ಲ ಅದನ್ನೇ ಕೇಳುತ್ತೇನೆ. ನನ್ನನ್ನು ನಮ್ಮವರು ಒಬ್ಬರೂ ಹಾಗೆ ಕೇಳಿರಲಿಲ್ಲ. ಜೋಳಕ್ಕೆ ಇಲ್ಲಿ ಬರವಿಲ್ಲ. ನಮ್ಮ ರೊಟ್ಟಿ ಇವರಿಗೆ ಭಾಕರಿ. ಆದರೆ ಬೇಳೆಸಾರಿಗೂ ಬೆಲ್ಲ ಹಾಕುತ್ತಾರೆ. ಮೊದಮೊದಲು ಆ ಸಿಹಿ ಬೇಳೆಯ ಮುಂದೆ ಕುಳಿತು ಅತ್ತದ್ದುಂಟು. ನಾನು ಕುಟ್ಟಿದ ಕೆಂಪು ಮೆಣಸಿನಕಾಯಿ ಚಟ್ನಿಯನ್ನು ಮಾಲೀಕಳು ಕಣ್ಣೀರು ಸುರಿಸುತ್ತ ತಿಂದು, ಮತ್ತೆ ಬಟ್ಟಲು ಚಾಚಿದ ದಿನ ಪುಣೆಯನ್ನೇ ಗೆದ್ದಷ್ಟು ಹಿಗ್ಗಿದೆ. ಅವತ್ತಿನಿಂದ ಅವಳನ್ನು ಕಾಕು ಎನ್ನುತ್ತೇನೆ, ಎಂದರೆ ಚಿಕ್ಕಮ್ಮ. ಮಿಸ್ಟರ್ ಯಾವಾಗ ಬರುತ್ತಾರೆ ಎಂದು ಕಾಕು ಹಬ್ಬಹಬ್ಬಕ್ಕೂ ಕೇಳುತ್ತಾಳೆ.

ವರ್ಷ ತುಂಬಲು ಇನ್ನು ಸ್ವಲ್ಪವೇ ಉಳಿದಿದ್ದಾಗ ಅಪ್ಪನ ಫೋನ್ ಬಂತು. ಅರಸೀಕೆರೆಯಲ್ಲಿ ಗಂಡನ ಮನೆಯವರು ಹೊಸ ಮನೆ ಕಟ್ಟಿಸಿದ್ದರು. ಅತ್ತೆ ನಮ್ಮ ಮನೆಗೇ ಬಂದು, ಅವ್ವನ ಹಣೆಗೆ ಕುಂಕುಮ ಹಚ್ಚಿ ಗೃಹಪ್ರವೇಶಕ್ಕೆ ಕರೆದು ಹೋಗಿದ್ದಳು.

"ಕುಂಕುಮ ಹಚ್ಚಿ ಕರದಾರ, ಬ್ಯಾಡ ಅನ್ನಾಕ ಬರಂಗಿಲ್ಲ. ತಂಗೀನ ನೋಡಿ ಹೋದ ಬೀಗ್ರೂ ಅಲ್ಲಿಗೆ ಬರ್ತಾರ. ಒಂದು ದಿನ ಬಂದು ಹೋಗವ್ವಾ."

ವಕೀಲರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿಮಗೆ ಗೊತ್ತೇ ಇದೆ, ಕುಂಕುಮ ಹಚ್ಚಿ ಕರೆದರೆ ನಮ್ಮ ಕಡೆ ಯಾವ ಸೀರೆ ಉಡಲಿ ಎಂದು ಯೋಚಿಸುತ್ತಾರೆಯೇ ಹೊರತು ಹೋಗಲೋ ಬೇಡವೋ ಎಂದಲ್ಲ.

"ಮನಿ ಹೊಗೋವ್ರು ಜೋಡಿ ಇರ್ಬೇಕ್ರಿ" ಎಂದು ಪೂಜೆಗೆ ಬಂದಿದ್ದ ಅಯ್ಯನವರು ಮಣೆ ತೋರಿಸಿದರು. ಅವನ ಶಲ್ಯಕ್ಕೆ ನನ್ನ ಸೆರಗು ಗಂಟು ಹಾಕಿದರು. ಹೊಸ ಒಲೆಯ ಮೇಲೆ ಹಾಲು ಉಕ್ಕಿಸಿದವಳೂ ನಾನೇ. "ಹೆಂಗ ಉಕ್ಕೈತಿ ನೋಡ್ರಿ, ನಮ್ಮ ಸೊಸಿ ಕೈಗುಣ" ಎಂದಳು ಅತ್ತೆ, ಬೀಗರಿಗೆ ಕೇಳುವ ಹಾಗೆ. ಅವನಂತೂ ಬಂದವರಿಗೆಲ್ಲ "ಪುಣೇಕ ನೌಕರಿ ಮಾಡ್ತಾಳ, ರಜಾ ಸಿಗಂಗಿಲ್ಲ" ಎನ್ನುತ್ತಿದ್ದ. ಪುಣೆಯವರಿಗೆ ನಾನು ಗಂಡ ಊರಲ್ಲಿದ್ದಾನೆ ಎನ್ನುವುದು, ಊರವರಿಗೆ ಅವನು ಹೆಂಡತಿ ಪುಣೆಯಲ್ಲಿದ್ದಾಳೆ ಎನ್ನುವುದು. ಮದುವೆಯಾದಾಗಿನಿಂದ ನಾವಿಬ್ಬರೂ ಒಮ್ಮತದಿಂದ ಮಾಡಿದ ಕೆಲಸ ಇದೊಂದೇ. ಹಾಲು ಉಕ್ಕಿಸಿದವರು ಆ ರಾತ್ರಿ ಹೊಸ ಮನೆಯಲ್ಲೇ ಮಲಗಬೇಕೆಂಬುದು ರೂಢಿ. ಅಡುಗೆಮನೆಯಲ್ಲಿ ಹೆಂಗಸರ ನಡುವೆ ಮಲಗಿದ್ದು, ಬೆಳಿಗ್ಗೆ ಎದ್ದು ಬಸ್ಸು ಹತ್ತಿದೆ.

ತಂಗಿಯ ಮದುವೆಯಾಯಿತು. ವರ್ಷವೂ ತುಂಬಿತು. ವಿಚ್ಛೇದನಕ್ಕೆ ಅರ್ಜಿ ಹಾಕಿಸಿದೆ. ಅವನ ಕಡೆಯಿಂದ ಉತ್ತರ ಬಂತು: ಹೆಂಡತಿ ಮರಳಿ ಬಂದಿದ್ದಾಳೆ, ಹೊಸ ಮನೆಯಲ್ಲಿ ಇಬ್ಬರೂ ಕೂಡಿ ಬಾಳಿದ್ದಾರೆ, ವರ್ಷದ ಮಾತೇ ಇಲ್ಲ. ಜೊತೆಗೆ ಮಣೆಯ ಮೇಲಿನ ನಮ್ಮ ಫೋಟೊ.

"ಯಾಕ ಹೋದ್ಯವ್ವಾ? ನನಗೊಂದು ಫೋನ್ ಹಚ್ಚಬಾರದಿತ್ತಾ?" ಎಂದರು ವಕೀಲರು.

"ಕುಂಕುಮ ಹಚ್ಚಿ ಕರದಿದ್ರು ಸರ್."

ಅವರು ತಲೆದೂಗಿ ಫೋಟೊವನ್ನು ಫೈಲಿಗೆ ಸೇರಿಸಿದರು. ಅವರೂ ಅದೇ ಸೀಮೆಯವರಲ್ಲವೇ. "ಒಂದು ರಾತ್ರಿ ಮಲಗಿದ್ರ ಸಂಸಾರ ಆಗಂಗಿಲ್ಲ, ವಾದ ಮಾಡೋಣು. ಆದ್ರ ಜಲ್ದಿ ಮುಗಿಯಂಗಿಲ್ಲ. ಇನ್ಮ್ಯಾಲೆ ಕೋರ್ಟಿಗೆ ತಾಳಿ ಹಾಕ್ಕೊಂಡು ಬರಬ್ಯಾಡ. ಅವ್ರ ವಕೀಲ ಅದನ್ನ ಹಿಡಕೊಂತಾನ."

ಪುಣೆಯಲ್ಲಿ ತೆಗೆದರೆ ಮನೆ ಹೋಗುತ್ತದೆ, ಹರಪನಹಳ್ಳಿಯಲ್ಲಿ ಹಾಕಿಕೊಂಡರೆ ಕೇಸು ಹೋಗುತ್ತದೆ. ಅಪ್ಪನಿಗೆ ಹೇಳಿದರೆ "ಇನ್ನೇನು, ಹಾಲು ಉಕ್ಕಿಸಿ ಬಂದೀಯಲ್ಲ, ಅಲ್ಲೇ ಹೋಗಿ ಇದ್ದುಬಿಡು" ಅಂದ. ಅಪ್ಪನ ಮೇಲೆ ಇಷ್ಟು ಸಿಟ್ಟು ನನಗೆ ಎಂದೂ ಬಂದಿರಲಿಲ್ಲ.

ಮೊನ್ನೆ ಕೋರ್ಟಿಗೆ ಹೋದಾಗ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ತಾಳಿ ಬಿಚ್ಚಿ ಪರ್ಸಿಗೆ ಹಾಕಿಕೊಂಡೆ. ಮುಂದಿನ ತಾರೀಖು ಕೊಟ್ಟರು. ಮರಳುವ ಬಸ್ಸಿನಲ್ಲಿ ಪಕ್ಕಕ್ಕೆ ಬೆಳಗಾವಿಯ ಮಗಳ ಮನೆಗೆ ಹೊರಟಿದ್ದ ಕೊಟ್ಟೂರಿನ ಅಜ್ಜಿಯೊಬ್ಬಳು ಕೂತಳು. ನನ್ನ ಬೋಳು ಕೊರಳು ನೋಡಿ ಸರಿದು ಜಾಗ ಮಾಡಿಕೊಟ್ಟಳು, ಮಂಡಕ್ಕಿ ಕೊಟ್ಟಳು, ಆಮೇಲೆ ಮೆಲ್ಲಗೆ ಕೇಳಿದಳು.

"ಇಷ್ಟು ಸಣ್ಣ ವಯಸ್ಸಿನ್ಯಾಗ... ಯಾವಾಗ ಹೋದ್ನವ್ವಾ ನಿನ್ನ ಗಂಡ?"

"ಹೋದ ವರ್ಷ" ಎಂದೆ.

ನಾನು ಹೇಳಿದ ಸುಳ್ಳುಗಳಲ್ಲಿ ನನಗೆ ಹಿತವೆನಿಸಿದ್ದು ಅದೊಂದೇ. ಅಜ್ಜಿ ಬೆಳಗಾವಿಯಲ್ಲಿ ಇಳಿಯುವವರೆಗೂ ನನ್ನ ಕೈ ಹಿಡಿದುಕೊಂಡೇ ಇದ್ದಳು. ಕೊಲ್ಹಾಪುರ ದಾಟಿದ ಮೇಲೆ ಪರ್ಸಿನಿಂದ ತಾಳಿ ತೆಗೆದು ಹಾಕಿಕೊಂಡೆ. ಮನೆಗೆ ಹೋಗಬೇಕಿತ್ತಲ್ಲ.