ಫೋಟೊ ಕಾಕಾನ ಗಾಜು

ಇವತ್ತು ಬೆಳಿಗ್ಗೆ ಹಾಲು ಕಾಯಿಸಿಟ್ಟು, ಅಂಗಳ ಗುಡಿಸಿ, ಕಂದೀಲಿನ ಗಾಜು ತೊಳೆಯಲು ಕುಳಿತೆ. ಬಿಸಿನೀರಿಗೆ ಸೋಡಾ ಬಿದ್ದದ್ದೇ ಎದ್ದ ವಾಸನೆಗೆ ಕೈ ನಿಂತಿತು. ಫೋಟೊ ಕಾಕಾನ ಅಂಗಡಿಯ ವಾಸನೆ ಅದು...

ಬನಹಟ್ಟಿಯಲ್ಲಿ ಒಂದೇ ಖೋಲಿಯ ಅಂಗಡಿ. ಅಪ್ಪನ ಗೆಳೆಯರಾದ್ದರಿಂದ ನನಗೆ ಕಾಕಾ. ಔಷಧದ ನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿ ಕಪ್ಪಾಗಿತ್ತು. ನನಗೆ ಪುಠಾಣಿ ಕೊಡುವಾಗ ಕೈ ತಾಗಿಸದೆ, ಪೊಟ್ಟಣದಿಂದಲೇ ಅಂಗೈಗೆ ಸುರಿಯುತ್ತಿದ್ದರು. ಆಗ ಚಿತ್ರ ಮೂಡುತ್ತಿದ್ದುದು ಗಾಜಿನ ಮೇಲೆ. ಆ ಗಾಜಿದ್ದರೆ ಬೇಕಾದಷ್ಟು ಕಾಗದದ ಪ್ರತಿ ತೆಗೆಯಬಹುದು. ಕಾಗದ ಗಿರಾಕಿಗೆ, ಗಾಜು ಚಿತ್ರ ತೆಗೆದವನಿಗೆ. ಕಸುಬಿನ ರಿವಾಜು ಹಾಗಿತ್ತು.

ಹೆಣ್ಣುಮಕ್ಕಳ ಸಾಲೆ ತೆರೆದ ದಿನ ಸಂಸ್ಥಾನದ ಕಚೇರಿಯವರು ಕಾಕಾನನ್ನು ಕರೆಸಿದ್ದರು. ಯಾವ ಸಂಸ್ಥಾನ ಎನ್ನುವುದು ಈಗ ಬೇಡ. ಹೆಂಗಸರ ಸಾಲಿನ ಕೊನೆಗೆ ನನ್ನ ಅವ್ವ ನಿಂತಿದ್ದಳು. ಕಚೇರಿ ಆ ಚಿತ್ರ ಕೊಂಡಿತು, ಜೊತೆಗೆ ಗಾಜನ್ನೂ ಕೇಳಿತು.

"ಗಾಜು ನಂದ್ರಿ ರಾವಸಾಹೇಬ್ರ," ಎಂದರಂತೆ ಕಾಕಾ.

"ಗ್ವಾಡಿ ಕಟ್ಟಿದ ಗೌಂಡಿ ಮನಿ ಕೇಳತಾನೇನಲೇ?" ಎಂದು ಕಾರಕೂನ ನಕ್ಕನಂತೆ.

ಅದೇ ಸಂಸ್ಥಾನದಲ್ಲಿ ಬದುಕಬೇಕಲ್ಲ... ಕೊಟ್ಟು ಬಂದರು.

ಮರುವರ್ಷ ಅವ್ವ ಜ್ವರದಲ್ಲಿ ಹೋದಳು. ಆಕೆಯದು ಬೇರೆ ಚಿತ್ರವೇ ಇರಲಿಲ್ಲ. ಸಾಲೆಯ ಗೋಡೆಗೆ ಹಾಕಿದ್ದ ಪ್ರತಿಯನ್ನು ಅಪ್ಪ ನೋಡಿ ಬಂದ. ಚೌಕಟ್ಟಿಗೆ ಹೊಂದಲಿ ಎಂದು ಕಚೇರಿಯವರು ಅಂಚು ಕತ್ತರಿಸಿದ್ದರು. ಅವ್ವನ ಮೊಣಕೈ ಮಾತ್ರ ಉಳಿದಿತ್ತು.

"ಗಾಜಿನ್ಯಾಗ ವೈನಿ ಪೂರಾ ಅದಾರ್ರಿ ಅಣ್ಣಾರ. ನಡೀರಿ, ಕೇಳೂಣು," ಎಂದರು ಕಾಕಾ; ಅವ್ವ ಅವರಿಗೆ ವೈನಿ, ಅತ್ತಿಗೆ. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲದೆ ನಾನೂ ಹೋದೆ.

ಕಾರಕೂನ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಆ ಗಾಜೇನು? ಮ್ಯಾಲಿನ ಚಿತ್ರ ಸೋಡಾನೀರಾಗ ತೊಳಸೇವಿ. ಈ ಲಡಾಯಿದಾಗ ಗಾಜು ಎಲ್ಲಿ ಸಿಗತಾವು? ಅಗಾ ನೋಡು, ಕಿಡಕಿಗಿ ಕುಂಡ್ರಿಸೇವಿ."

"ತೊಳಿಯೂಕಿಂತ ಮೊದ್ಲ ನನ್ನ ಒಂದ್ ಮಾತ ಕೇಳಬೇಕಿತ್ರಿ."

"ನಮ್ಮ ಮಾಲು ತೊಳಿಯಾಕ ನಿನ್ನ ಪರವಾನಗಿ ಬೇಕೇನಲೇ?"

ಕಾಕಾ ಕಿಟಕಿಯ ಹತ್ತಿರ ಹೋಗಿ, ಅಂಗಡಿಯಲ್ಲಿ ಗಾಜು ಪರೀಕ್ಷಿಸುವಂತೆ ತಲೆ ವಾರೆ ಮಾಡಿ ನೋಡಿದರು. ಕಪ್ಪು ಬೆರಳು ಗಾಜಿನ ಅಂಚಿನುದ್ದಕ್ಕೂ ಸರಿಯಿತು. ನಾನೂ ತುದಿಗಾಲಲ್ಲಿ ನಿಂತು ಇಣುಕಿದೆ. ಆಚೆ ಟಾಂಗಾದ ಕುದುರೆಯೊಂದು ಹುಲ್ಲು ಮೇಯುತ್ತಿತ್ತು.

"ಅವ್ವ ಎಲ್ಲದಾಳ, ಕಾಕಾ?" ಎಂದೆ.

ಅಪ್ಪ ನನ್ನ ಕೈ ಹಿಡಿದು ಹೊರಗೆ ಕರೆತಂದ. ದಾರಿಯಲ್ಲಿ ಅಪ್ಪ ಕಾಕಾನನ್ನು ಕೇಳಿದ್ದು ಒಂದೇ ಮಾತು: "ಅದರಾಗ ಹೆಂಗ ಕಾಣಸ್ತಿದ್ಳು?"

"ನಮ್ಮ ಕ್ಯಾಮೆರಾದಾಗ ಎಲ್ಲಾರೂ ತಲಿಕೆಳಗ ಕಾಣತಾರ್ರಿ ಅಣ್ಣಾರ. ಸೆರಗ ಸರಿ ಮಾಡ್ಕೊಂತ ನಗಾಕತ್ತಿದ್ರು... ಅಷ್ಟ ನೆನಪೈತಿ."

ಆಮೇಲೆ ಕಚೇರಿಯಿಂದ ಕರೆ ಬಂದಾಗಲೆಲ್ಲ ಕಾಕಾ ಗಾಜು ಕೊಡುವುದಿಲ್ಲ ಎಂದರು. ಕರೆಯೇ ನಿಂತಿತು. ನನ್ನನ್ನು ಬೆಳಗಾವಿಯ ಕಾನ್ವೆಂಟಿಗೆ ಹಾಕಿದರು. ಅಲ್ಲಿಯ ಹುಡುಗಿಯರು ತಾಯಿಯ ಚಿತ್ರವನ್ನು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದರು. ನಾನು ಕಣ್ಣು ಮುಚ್ಚಿ ಹುಡುಕುತ್ತಿದ್ದೆ. ಬಳೆಯ ಸದ್ದು ಬರುತ್ತಿತ್ತು, ಸೀರೆಯ ಅಂಚು ಬರುತ್ತಿತ್ತು; ಮುಖ ಬರುತ್ತಿರಲಿಲ್ಲ. ಒಂದು ರಜೆಯಲ್ಲಿ ಬಂದು ನೋಡಿದರೆ ಕಾಕಾನ ಖೋಲಿಯಲ್ಲಿ ಯಾರೋ ನೂಲು ಮಾರುತ್ತಿದ್ದರು. ಕಾಕಾ ಮುಧೋಳದ ಕಡೆ ಹೋದರಂತೆ... ಮುಂದೆ ಸಂಸ್ಥಾನಗಳೂ ಹೋದವು. ಕಾಕಾ ಈಗ ಇರಲಾರರು. ಅವ್ವನನ್ನು ಆ ದಿನ ಕಣ್ಣಿಟ್ಟು ನೋಡಿದ್ದ ಇನ್ನೊಬ್ಬರನ್ನು ನಾನು ಕಾಣೆ.

ಇಂದು ಸಂಜೆ ಕಟ್ಟೆಯ ಮೇಲೆ ಮೊಮ್ಮಗಳಿಗೆ ಹೆರಳು ಹಾಕುತ್ತಿದ್ದೆ. ನೀರು ತರುತ್ತಿದ್ದ ಪಕ್ಕದ ಮನೆಯಾಕೆ ಕೊಡ ಇಳಿಸಿ, ಅವಳ ಗದ್ದ ಹಿಡಿದೆತ್ತಿ ನೋಡಿದಳು.

"ಇದರ ಮಾರಿ ನಿಮ್ಹಂಗೂ ಇಲ್ಲ, ನಿಮ್ಮ ಮಗಳ್ಹಂಗೂ ಇಲ್ಲ ಬಿಡ್ರಿ," ಎಂದು ಕೊಡ ಎತ್ತಿಕೊಂಡಳು. "ನಿಮ್ಮ ಅವ್ವಂದ ಮಾರಿ ಇರಬೇಕು, ಹೌದಲ್ರೀ?"