ಕದಿರಮ್ಮನ ಕೋಳಿ, ಗಾಳಿಗೆ ಬಿದ್ದ ಕಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿ ಬೀಸಿದ ಗಾಳಿ ಈಗಷ್ಟೇ ನಿಂತಿದೆ. ಸರ್ಕಾರಿ ಮಾವಿನ ತೋಪಿನ ಪಕ್ಕದ ಬಂಡಿದಾರಿಯಲ್ಲಿ ಒಬ್ಬ ಹೆಂಗಸು ಬಗ್ಗಿ, ಕೈಯಿಂದ ನೆಲ ಸವರುತ್ತ, ಬಿದ್ದ ಕಾಯಿ ಹುಡುಕುತ್ತಿದ್ದಾರೆ. ಸಿಕ್ಕಿದ್ದನ್ನು ಮೂಸಿ ನೋಡಿ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಬೇಲಿಯ ಆಚೆ ಮರಗಳ ಬುಡದಲ್ಲಿ ಕಾಯಿ ರಾಶಿರಾಶಿ ಬಿದ್ದಿದೆ. ಈಚೆ ಉರುಳಿ ಬಂದದ್ದು ಹಿಡಿಯಷ್ಟು. ಬೇಲಿ ಹೊಸದು, ಕಡಿದು ಹಾಕಿದ ಜಾಲಿಮುಳ್ಳಿನ ಹಸಿರು ಇನ್ನೂ ಆರಿಲ್ಲ.

ಇವರು ಕದಿರಮ್ಮ. ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿಯವರು. ಆ ಹಳ್ಳಿಯ ಬಂಗಲೆಯಲ್ಲಿ ಇಳಿದುಕೊಂಡ ಸಾಹೇಬರುಗಳು ಕೋಲಾರಕ್ಕೂ ಬೆಂಗಳೂರಿಗೂ ಹೋಗಿ ಬಾಯಿ ಚಪ್ಪರಿಸಿ ಹೇಳುವ ತಿನಿಸೊಂದಿದೆ. ಕೆಂಡದ ಮೇಲೆ ಸುಟ್ಟು, ಮಾವು, ಬೆಲ್ಲ, ಮೆಣಸಿನಕಾಯಿ ಸೇರಿಸಿ ಕುದಿಸಿದ ಗೊಜ್ಜು ಸವರಿದ ನಾಟಿಕೋಳಿ. ಅದಕ್ಕೆ ‘ಬಟ್ಲರ್ ಕೋಳಿ’ ಎಂದು ಹೆಸರಾಗಿದೆ. ಬಂಗಲೆಯ ಅಡುಗೆ ನೋಡಿಕೊಳ್ಳುವ ಬಟ್ಲರು ಒಂದು ದಿನವೂ ಅದನ್ನು ಸುಟ್ಟವರಲ್ಲ. ಸುಡುವವರು ಕದಿರಮ್ಮ. ಪತ್ರಿಕೆಯಲ್ಲಿ ಹಳ್ಳಿಯ ಹೆಸರು ಬರೆಯಬೇಡಿ, ತಮ್ಮ ಹೆಸರೂ ಬೇಡ ಎಂದು ಬಟ್ಲರು ನನಗೆ ಕೈ ಮುಗಿದರು. ಬರೆಯುವುದಿಲ್ಲ. ಕದಿರಮ್ಮನ ಹೆಸರೂ ಬೇಡ ಎಂದರು. ಆ ಮಾತನ್ನು ಮಾತ್ರ ನಡೆಸಿಕೊಡಲು ನನ್ನಿಂದಾಗದು.

ತೋಪಿನ ಸಂಗತಿ ಮೊದಲು ಹೇಳಬೇಕು. ಮರಗಳು ಸರ್ಕಾರದವು. ವರ್ಷವರ್ಷವೂ ಫಸಲು ಹರಾಜಾಗುತ್ತದೆ, ಹರಾಜು ಹಿಡಿದವರು ಕಾಯಿ ಕೀಳುತ್ತಾರೆ. ಆದರೆ ರಾತ್ರಿ ಗಾಳಿಗೆ ಬಿದ್ದ ಕಾಯಿಯ ನ್ಯಾಯವೇ ಬೇರೆ. ಹೊತ್ತು ಹುಟ್ಟುವ ಮುಂಚೆ ಅದನ್ನು ಯಾರು ಎತ್ತಿಕೊಳ್ಳುತ್ತಾರೋ ಅವರದು. ಹೊತ್ತು ಹುಟ್ಟಿದ ಮೇಲೆ ನೆಲದಲ್ಲಿ ಉಳಿದದ್ದು ಗುತ್ತಿಗೆದಾರರದು. ಇದನ್ನು ಯಾರೂ ಬರೆದಿಟ್ಟಿಲ್ಲ, ಹೋದ ವರ್ಷದವರೆಗೆ ಯಾರೂ ಮೀರಿಯೂ ಇರಲಿಲ್ಲ.

“ನಮ್ಮತ್ತೆ ಕಾಲ್ದಲ್ಲೂ ಹಿಂಗೇನೇ, ಅವರತ್ತೆ ಕಾಲ್ದಲ್ಲೂ ಹಿಂಗೇನೇ ಸಾಮಿ,” ಎನ್ನುತ್ತಾರೆ ಕದಿರಮ್ಮ. “ನಿದ್ದೆ ಬಿಟ್ಟು ಬಂದೋಳ್ಗೆ ಕಾಯಿ. ಮಲ್ಗಿದ್ದೋಳ್ಗೆ ಇಲ್ಲ. ಅಷ್ಟೇ.”

ಈ ವರ್ಷ ಹರಾಜು ಹಿಡಿದವರು ಮುಳಬಾಗಿಲಿನ ವೆಂಕಟರಾಯಪ್ಪ. ಬಂದವರೇ ತೋಪಿನ ಸುತ್ತ ಮುಳ್ಳು ಹಾಕಿಸಿದರು. ಬಿದ್ದ ಕಾಯಿಯನ್ನೂ ಗೋಣಿಗೆ ತುಂಬಿಸಿ, ಉಪ್ಪಿನಕಾಯಿಗೆಂದು ಚಿನ್ನದ ಗಣಿಯ ಕಡೆ ಗಾಡಿ ಕಟ್ಟಿಸುತ್ತಾರೆ. ನಿನ್ನೆಯವರೆಗೆ ಹಕ್ಕಿನಿಂದ ಆಯುತ್ತಿದ್ದ ಹೆಂಗಸರು ಇವತ್ತು ಕಳ್ಳಿಯರಾಗಿದ್ದಾರೆ. ಕದಿರಮ್ಮನ ಕೇರಿಯ ಅಂಜಮ್ಮ ಹಳೆಯ ಅಭ್ಯಾಸದಂತೆ ಒಳಗೆ ಹೋದದ್ದಕ್ಕೆ ಕಾವಲಿನವನು ಅವರ ಬುಟ್ಟಿ ಕಿತ್ತುಕೊಂಡು ಕಾಲಲ್ಲಿ ತುಳಿದು ಮುರಿದ. ಈ ಕಾಯಿಯನ್ನು ಹೋಳು ಮಾಡಿ, ಉಪ್ಪು ಹಾಕಿ ಒಣಗಿಸಿಟ್ಟರೆ ಆ ಮನೆಗಳಿಗೆ ವರ್ಷವಿಡೀ ಸಾರಿಗೆ ಹುಳಿ. ಯುದ್ಧದ ಈ ದಿನಗಳಲ್ಲಿ ಅಕ್ಕಿ, ಸೀಮೆಎಣ್ಣೆ ಎಲ್ಲದಕ್ಕೂ ಸಾಲು ನಿಲ್ಲುವ ಜನ, ಪುಗಸಟ್ಟೆ ಸಿಗುತ್ತಿದ್ದ ಹುಳಿಗೂ ಈಗ ಬೇಲಿಯ ಈಚೆ ನಿಂತು ನೋಡಬೇಕು. ಇದನ್ನು ಕೇಳಿ ರಕ್ತ ಕುದಿಯದಿದ್ದವರು ಪುಣ್ಯವಂತರು. ನನ್ನದು ಕುದಿಯಿತು.

ಕದಿರಮ್ಮನಿಗೆ ಇವತ್ತು ಆತುರವೂ ಇದೆ. ಬರುವ ವರ್ಷದ ಗುತ್ತಿಗೆಯ ವಿಷಯಕ್ಕೆ ಮೇಲಿನಿಂದ ಒಬ್ಬ ಸಾಹೇಬರು ಬಂಗಲೆಗೆ ಬರುತ್ತಿದ್ದಾರೆ. ಮಧ್ಯಾಹ್ನದ ಊಟ ವೆಂಕಟರಾಯಪ್ಪನವರ ಖರ್ಚಿನದು. ಗುತ್ತಿಗೆ ಕೊಡುವವರಿಗೆ ಗುತ್ತಿಗೆ ಕೇಳುವವರು ಊಟ ಹಾಕಿಸುವುದು ಸರಿಯೇ ಎಂದು ಕೇಳಿದರೆ ಬಂಗಲೆಯಲ್ಲಿ ಎಲ್ಲರೂ ನನ್ನನ್ನು ಮಗುವನ್ನು ನೋಡುವ ಹಾಗೆ ನೋಡಿದರು. ಊಟಕ್ಕೆ ಬಟ್ಲರ್ ಕೋಳಿಯೇ ಆಗಬೇಕೆಂದು ಸಾಹೇಬರು ಮೊದಲೇ ಹೇಳಿ ಕಳಿಸಿದ್ದಾರೆ. ಬಡಿಸುವಾಗ ಬೇಲಿಯ ಮಾತು ಎತ್ತುತ್ತೇನೆ ಎಂದು ಬಟ್ಲರು ಕದಿರಮ್ಮನಿಗೆ ಮಾತು ಕೊಟ್ಟಿದ್ದಾರೆ. ಕೇರಿಯ ಅಷ್ಟೂ ಹೆಂಗಸರು ಆ ಒಂದು ಮಾತನ್ನು ನಂಬಿಕೊಂಡು ಕೂತಿದ್ದಾರೆ.

ಬಂಗಲೆಯ ಹಿಂದಿನ ಗೋಡೆಯ ಆಚೆ, ಹುಣಸೆಮರದ ಕೆಳಗೆ, ಕದಿರಮ್ಮನ ಒಲೆ. ಒಲೆಯೆಂದರೆ ಮೂರು ಕಡೆ ಕಲ್ಲು, ಮೇಲೆ ಹಳೆಯ ಗಾಡಿಚಕ್ರದ ಕಬ್ಬಿಣದ ಪಟ್ಟಿ, ಅದಕ್ಕೆ ಅಡ್ಡಡ್ಡ ಬಿಗಿದ ಸರಳು. ಪೆಟ್ರೋಲ್ ಸಿಗದೆ ಅಂಗಡಿಯ ಇದ್ದಿಲೆಲ್ಲ ಈಗ ಬಸ್ಸುಗಳ ಹೊಟ್ಟೆಗೆ ಹೋಗುತ್ತದೆ. ನಾನು ಕೋಲಾರದಿಂದ ಬಂದದ್ದೂ ಅಂಥದ್ದೇ ಇದ್ದಿಲು ಬಸ್ಸಿನಲ್ಲಿ, ದಿಬ್ಬ ಬಂದಲ್ಲೆಲ್ಲ ಇಳಿದು ನೂಕುತ್ತ. ಹಾಗಾಗಿ ಕದಿರಮ್ಮ ಹುಣಸೆ ಕಟ್ಟಿಗೆಯನ್ನು ತಾವೇ ಉರಿಸಿ, ಹೊಗೆ ಸತ್ತು ಕೆಂಡವಾಗುವವರೆಗೆ ಕಾಯುತ್ತಾರೆ. ಎದೆ ಸೀಳಿ ಚಪ್ಪಟೆ ಮಾಡಿದ ಕೋಳಿಗೆ ಉಪ್ಪು, ಅರಿಸಿನ, ಶುಂಠಿ, ಬೆಳ್ಳುಳ್ಳಿ, ಕರಿಮೆಣಸು ಬೆಳಿಗ್ಗೆಯೇ ಹಚ್ಚಿಟ್ಟಿರುತ್ತಾರೆ. ಮೂಳೆಯ ಕಡೆ ಕೆಳಗೆ ಮಾಡಿ ಹದವಾಗಿ ಬೇಯಿಸುತ್ತಾರೆ. ಗೊಜ್ಜು ಕೊನೆಗೆ. ಮಾವಿನ ಕಡ್ಡಿಯ ತುದಿಯನ್ನು ಜಜ್ಜಿ ಮಾಡಿದ ಕುಂಚದಲ್ಲಿ ಒಂದು ಸಲ ಸವರುವುದು, ತಿರುವಿ ಹಾಕುವುದು, ಮತ್ತೆ ಸವರುವುದು. ಚರ್ಮ ಕೆಂಪಗೆ ಮಿರುಗಿ, ಬೆಲ್ಲ ಸೀಯುವ ಮುಂಚಿನ ಆ ವಾಸನೆ ಬಂದಾಗ ಗೋಡೆಯ ಆಚೆ ಬಂಗಲೆಯ ಜವಾನ ತಾನಾಗಿ ಎದ್ದು ನಿಲ್ಲುತ್ತಾನೆ.

ಈ ಗೊಜ್ಜನ್ನು ಕದಿರಮ್ಮ ಪಚ್ಚಡಿ ಎನ್ನುತ್ತಾರೆ. ಅದರ ಹುಟ್ಟು ಅವರ ಮನೆಯದೇ. ಯುಗಾದಿಯ ದಿನ ಎಲ್ಲರ ಮನೆಯಲ್ಲೂ ಮಾವಿನಕಾಯಿ, ಬೆಲ್ಲ, ಬೇವಿನ ಹೂವಿನ ಪಚ್ಚಡಿ. ಮಾರನೆಯ ದಿನ ವರ್ಷತೊಡಕು, ಬಾಡೂಟ. ಗಂಡ ಪೆದ್ದಪ್ಪ ಇದೇ ತೋಪಿನಲ್ಲಿ ಕಾಯಿ ಕೀಳುತ್ತಿದ್ದವರು, ಕೊಂಬೆ ಮುರಿದು ಬಿದ್ದು ತೀರಿಕೊಂಡರು. ಅದರ ಮುಂದಿನ ಯುಗಾದಿಗೆ ಸಾರಿಗೆ ಮಸಾಲೆ ರುಬ್ಬಲು ಮನೆಯಲ್ಲಿ ತೆಂಗಿನಕಾಯಿಯಿಲ್ಲ, ಗಸಗಸೆಯಿಲ್ಲ. ಇದ್ದದ್ದು ಒಂದು ಹುಂಜ ಮತ್ತು ಹಿಂದಿನ ದಿನದ ಪಚ್ಚಡಿ.

“ಇರೋದ್ನೇ ಹಚ್ಚಿ ಸುಡಾಣ ಅಂದ್ಕಂಡೆ. ಒಂದಿಷ್ಟು ಮೆಣಸಿನ್ಕಾಯಿ ಅರೆದಾಕ್ದೆ. ಅತ್ತೆ ಬೈಕಂಡೇ ಬಾಯಿಗಿಟ್ಕಂಡ್ಳು. ಆಮ್ಯಾಕೆ ಬೈಲಿಲ್ಲ,” ಎಂದು ಕದಿರಮ್ಮ ನಗುತ್ತಾರೆ. ಅವತ್ತು ನಾನು ಕಂಡ ಅವರ ಒಂದೇ ನಗು ಅದು.

ಆ ವಾಸನೆ ಬಂಗಲೆಯವರೆಗೆ ಹೋಗಿ ಬಟ್ಲರು ಬಂದರು. ಆಮೇಲೆ ನಡೆದದ್ದನ್ನು ಊಹಿಸಲು ಹೆಚ್ಚು ಬುದ್ಧಿ ಬೇಡ. ಕದಿರಮ್ಮ ಸುಡುತ್ತಾರೆ, ಗೋಡೆಯ ಕಿಂಡಿಯಿಂದ ತಟ್ಟೆ ಕೊಡುತ್ತಾರೆ. ಬಟ್ಲರು ಅದನ್ನು ಪಿಂಗಾಣಿಗೆ ಸುರಿದು, ತಲೆಗೆ ರುಮಾಲು ಸುತ್ತಿ ಮೇಜಿಗೆ ಒಯ್ಯುತ್ತಾರೆ. ಯಾವ ಕೇರಿಯ ಕೈ ಎಂದು ಗೊತ್ತಾದರೆ ಸಾಹೇಬರು ಮುಟ್ಟುವುದಿಲ್ಲ ಎಂಬುದು ಬಟ್ಲರ ವಾದ. ಕದಿರಮ್ಮ ಇವತ್ತಿನವರೆಗೆ ಬಂಗಲೆಯ ಮೆಟ್ಟಿಲು ಹತ್ತಿದವರಲ್ಲ. ಕೈಯ ಅಡುಗೆ ಒಳಗೆ ಹೋಗಬಹುದು, ಕೈ ಹೋಗಬಾರದು. ಇದನ್ನು ನಾಚಿಕೆಗೇಡು ಎನ್ನದೆ ಬೇರೆ ಏನೆನ್ನಬೇಕೋ ನನಗೆ ತಿಳಿಯದು.

ಹೆಸರು ಹೋದದ್ದಕ್ಕೆ ಬೇಜಾರಿಲ್ಲವೇ ಎಂದು ಕೇಳಿದೆ. ಕದಿರಮ್ಮ ಕೆಂಡ ಕೆದಕುತ್ತ, “ಐತೆ,” ಎಂದರು. ಕೆದಕುವ ಕೋಲನ್ನು ಬದಿಗಿಟ್ಟು, “ಆದ್ರೆ ಮೊದ್ಲು ಬೇಲಿ ಸಾಮಿ. ಹೆಸ್ರು ಆಮ್ಯಾಕೆ,” ಎಂದರು.

ಬಂಡಿದಾರಿಯಲ್ಲಿ ಸಿಕ್ಕ ಹಿಡಿ ಕಾಯಿ ಇವತ್ತಿನ ಪಚ್ಚಡಿಗೆ ಸಾಲುವುದಿಲ್ಲ. ಗಾಳಿಗೆ ಬಿದ್ದ ನಾಟಿಕಾಯಿ ಪೂರ್ತಿ ಕಾಯಿಯೂ ಅಲ್ಲ, ಹಣ್ಣೂ ಅಲ್ಲ, ದೋರುಗಾಯಿ. ಅದರ ಹುಳಿಯೇ ಬೆಲ್ಲವನ್ನು ಹಿಡಿದು ನಿಲ್ಲಿಸುವುದು. ಬಿದ್ದ ಕಾಯಿ ಬೇಕೆಂದು ಬಟ್ಲರು ವೆಂಕಟರಾಯಪ್ಪನವರಿಗೆ ಹೇಳಿ ಕಳಿಸಿದರು. ಅವರು ತಮ್ಮ ಸ್ವಂತ ತೋಟದಿಂದ ಒಂದು ಬುಟ್ಟಿ ಒಳ್ಳೆಯ ರಸಪುರಿ ಹಣ್ಣು ಕಳಿಸಿದರು. ಬೇಲಿಯ ಒಳಗೆ ಬಿದ್ದಿದ್ದ ಕಾಯಿಯಲ್ಲಿ ಒಂದನ್ನೂ ಕಳಿಸಲಿಲ್ಲ. ಬಿದ್ದದ್ದನ್ನು ಸಾಹೇಬರಿಗೆ ತಿನ್ನಿಸುವುದು ಮರ್ಯಾದೆಯಲ್ಲವಂತೆ. ಇಷ್ಟು ವರ್ಷ ಆ ಮೇಜಿನ ಮೇಲೆ ಏನು ತಿಂದಿದ್ದೇವೆಂದು ಪಾಪ ಸಾಹೇಬರುಗಳಿಗೂ ಗೊತ್ತಿಲ್ಲ.

“ಇದ್ರಲ್ಲಿ ಆಗಾಕಿಲ್ಲಪ್ಪ,” ಎಂದರು ಕದಿರಮ್ಮ.

“ಮಾವು ಮಾವೇ ಅಲ್ವೇನಕ್ಕಾ. ಹೊತ್ತಾಯ್ತು, ಮಾಡು,” ಎಂದರು ಬಟ್ಲರು.

ಮಾಡಿದರು. ಹಣ್ಣಿನ ರಸ ನೀರಾಗಿ ಕೋಳಿಯ ಮೇಲೆ ನಿಲ್ಲದೆ ಕೆಂಡಕ್ಕೆ ಇಳಿಯಿತು, ಹೊಗೆ ಎದ್ದಿತು, ನಿಂತಷ್ಟು ಕಪ್ಪಗೆ ಹತ್ತಿಕೊಂಡಿತು. ಕದಿರಮ್ಮ ತಮ್ಮ ಹಿಡಿ ದೋರುಗಾಯಿಯನ್ನೂ ಸೇರಿಸಿ ಸರಿಮಾಡಲು ನೋಡಿದರು. ಅರ್ಧಂಬರ್ಧ ಸರಿಹೋಯಿತು. ತಟ್ಟೆ ಕಿಂಡಿಯಿಂದ ಒಳಗೆ ಹೋಯಿತು. ನಾನು ಪಡಸಾಲೆಯ ಕಂಬಕ್ಕೆ ಒರಗಿ ನಿಂತೆ. ಪತ್ರಿಕೆಯವರು ಎಂದಮೇಲೆ ಅಲ್ಲಿಗೆ ಹತ್ತಲು ನನಗೆ ಯಾರೂ ಅಡ್ಡಿ ಮಾಡಲಿಲ್ಲ. ಅದೂ ಒಂದು ಮುಳ್ಳಿನ ಹಾಗೆ ಚುಚ್ಚಿತು.

ಸಾಹೇಬರು ಒಂದು ತುಂಡು ತಿಂದು ಕೈ ನಿಲ್ಲಿಸಿದರು. “ಏನಯ್ಯ, ಇವತ್ತು ಕೈ ಕೆಟ್ಟಿತೋ?”

ಬಟ್ಲರು ಬೆವೆತರು. “ಗಾಳಿಗೆ ಬಿದ್ದ ಕಾಯಿ ಬೇಕು ಸಾರ್ ಇದಕ್ಕೆ. ಸಿಗಲಿಲ್ಲ. ತೋಪಿಗೆ ಬೇಲಿ ಹಾಕವ್ರೆ.” ಕೊಟ್ಟ ಮಾತು ಹೀಗೆ, ತಮ್ಮ ತಲೆ ಉಳಿಸಿಕೊಳ್ಳುವ ನೆಪದಲ್ಲಿ, ಅವರ ಬಾಯಿಂದ ಹೊರಬಿತ್ತು. ಜೊತೆಯಲ್ಲೇ ಊಟಕ್ಕೆ ಕೂತಿದ್ದ ವೆಂಕಟರಾಯಪ್ಪನವರು ಕಳ್ಳತನದ ಮಾತು ತೆಗೆದರು. ಸಾಹೇಬರು ಕೈ ಅಡ್ಡ ಮಾಡಿ, ಕಾಯಿ ತರುವವರು ಯಾರೋ ಅವರನ್ನು ಕರೆಯಿರಿ ಎಂದರು.

ಕದಿರಮ್ಮ ಬಂದು ಮೆಟ್ಟಿಲ ಕೆಳಗೆ ಬಿಸಿಲಿನಲ್ಲಿ ನಿಂತರು. ಕೈಯಲ್ಲಿ ಇನ್ನೂ ಕುಂಚವಿತ್ತು, ತುದಿಯಿಂದ ಪಚ್ಚಡಿ ತೊಟ್ಟಿಕ್ಕುತ್ತಿತ್ತು.

“ನಮ್ಮ ಬಟ್ಲರ್‌ಗೆ ಕಾಯಿ ಆಯ್ದು ಕೊಡೋಳು ನೀನೇ ಏನಮ್ಮ?”

ಕದಿರಮ್ಮ ಬಟ್ಲರ ಮುಖ ನೋಡಿದರು. ಬಟ್ಲರು ನೆಲ ನೋಡಿದರು. ಕುಂಚ ಹಿಡಿದ ಆ ಕೈಯನ್ನು ಕಂಡೂ ಕಾಣದ ಸಾಹೇಬರ ಕಣ್ಣಿಗೆ ಏನು ಹೇಳಲಿ. ಕೋಳಿ ಸುಡುವುದೂ ತಾನೇ ಎಂದು ಕದಿರಮ್ಮ ಈಗ ಹೇಳುತ್ತಾರೆ ಎಂದು ನಾನು ಕಾದೆ. ಹೇಳಲಿಲ್ಲ. “ನಾನೊಬ್ಳೇ ಅಲ್ಲ ಸಾಮಿ, ಕೇರಿ ಹೆಂಗಸ್ರೆಲ್ಲ ಆಯ್ತಿದ್ವಿ,” ಎಂದರು. “ಮರ ಯಾರ್ಗಾದ್ರೂ ಕೊಡಿ, ಕಿತ್ಕಳ್ಳಿ. ಹೊತ್ತುಟ್ಟೋಕ್ಮುಂಚೆ ಬಿದ್ದಿದ್ದು ಎತ್ಕಳ್ಳಾಕೆ ಬಿಡಿ. ಬೇಲಿಗೆ ಒಂದು ಕಂಡಿ ಬಿಟ್ರೆ ಸಾಕು.”

ಸಾಹೇಬರು ತಲೆದೂಗಿದರು. ಬಹಳ ಯೋಚಿಸಿದವರಂತೆ ತೀರ್ಪು ಕೊಟ್ಟರು. ಗಾಳಿ ಬೀಸಿದ ಮಾರನೆಯ ಬೆಳಿಗ್ಗೆ ಗುತ್ತಿಗೆದಾರರು ಒಂದು ಬುಟ್ಟಿ ಬಿದ್ದ ಕಾಯಿಯನ್ನು ಬಂಗಲೆಗೆ ಕಳಿಸಬೇಕು, ಬಟ್ಲರ್ ಕೋಳಿಗೆ ಕೊರತೆಯಾಗಕೂಡದು. ವೆಂಕಟರಾಯಪ್ಪನವರು ತಕ್ಷಣ ಒಪ್ಪಿದರು. ಒಪ್ಪದೆ ಏನು, ಹೋಗುವುದು ಒಂದು ಬುಟ್ಟಿ, ಉಳಿಯುವುದು ತೋಪು. ಕದಿರಮ್ಮ ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಕೈತೊಳೆಯಲು ಎದ್ದಿದ್ದರು. ಕೇರಿಯ ವರ್ಷದ ಹುಳಿ ಕೇಳಿದರೆ ತಮ್ಮ ನಾಲಗೆಯ ಹುಳಿಗೆ ವ್ಯವಸ್ಥೆ ಮಾಡಿಕೊಂಡ ಈ ನ್ಯಾಯಕ್ಕೆ ಅಲ್ಲಿದ್ದವರೆಲ್ಲ ಭೇಷ್ ಎಂದರು.

ಹಿಂದಿನ ಗೋಡೆಯ ಬಳಿ ನಾನು ಕದಿರಮ್ಮನ ಮೇಲೇ ರೇಗಿದೆ. ಕೋಳಿ ನಿಮ್ಮದೆಂದು ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರೆ ಅವ್ನ ಕೆಲ್ಸ ಹೋಗ್ತಿತ್ತು. ಅವ್ನ್ಗೂ ಮಕ್ಳವ್ರೆ,” ಎಂದರು. ಅವರು ಬಿಟ್ಟುಕೊಟ್ಟರು. ನಾನು ಬಿಟ್ಟುಕೊಡಲಾರದೆ ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಮತ್ತೆ ಗಾಳಿ ಬೀಸಿದೆ. ಬೆಳಿಗ್ಗೆ, ಹೊತ್ತು ಹುಟ್ಟುವ ಮುಂಚೆ, ವೆಂಕಟರಾಯಪ್ಪನವರು ಕಳಿಸಿದ ಬುಟ್ಟಿಯನ್ನು ಕದಿರಮ್ಮನ ಮನೆಯ ಮುಂದೆ ಇಳಿಸಿ ಬಟ್ಲರು ನಿಂತಿದ್ದಾರೆ. ದೋರುಗಾಯಿ ತುಂಬಿದೆ. ಸಾಹೇಬರು ಇನ್ನೂ ಬಂಗಲೆಯಲ್ಲೇ ಇದ್ದಾರೆ, ಮಧ್ಯಾಹ್ನಕ್ಕೆ ಸರಿಯಾದ ಕೋಳಿ ಬೇಕಂತೆ. ಬೇಲಿಯ ತನಕ ಹೋಗಿ ಬರಿಗೈಯಲ್ಲಿ ಬಂದ ಅಂಜಮ್ಮ, ಇನ್ನೂ ಕೆಲವರು ಹೆಂಗಸರು ದೂರದಲ್ಲೇ ನಿಂತು ಆ ಬುಟ್ಟಿಯನ್ನು ನೋಡುತ್ತಿದ್ದಾರೆ. ಯಾರೂ ಹತ್ತಿರ ಬರುವುದಿಲ್ಲ. ಅದು ಈಗ ಬಂಗಲೆಯ ಕಾಯಿ.

ಕದಿರಮ್ಮ ಬುಟ್ಟಿಯ ಮುಂದೆ ಕೂರುತ್ತಾರೆ. ಒಂದು ಕಾಯಿ ಎತ್ತಿ ಮೂಸುತ್ತಾರೆ. ಆಮೇಲೆ ಕತ್ತೆತ್ತಿ, “ಬಾರೇ ಅಂಜೀ, ಮಡಿಲು ಹಿಡಿ,” ಎನ್ನುತ್ತಾರೆ. ಅಂಜಮ್ಮ ಬಟ್ಲರನ್ನು ನೋಡಿ ಹಿಂಜರಿಯುತ್ತಾರೆ. ಕದಿರಮ್ಮ ಎದ್ದು ಹೋಗಿ ಅವರ ಕೈ ಹಿಡಿದು ಕರೆತರುತ್ತಾರೆ, ಎರಡೂ ಕೈಯಲ್ಲಿ ಬಾಚಿ ಮಡಿಲಿಗೆ ಹಾಕುತ್ತಾರೆ. ಆಮೇಲೆ ಒಬ್ಬೊಬ್ಬರೇ ಬರುತ್ತಾರೆ.

“ಅಕ್ಕಾ, ಅಕ್ಕಯ್ಯಾ, ಸಾಹೇಬ್ರು ಕೇಳಿದ್ರೆ ನಾನೇನು ಹೇಳ್ಲಿ?” ಬಟ್ಲರ ದನಿ ಅಳುವವರ ದನಿ.

ಕದಿರಮ್ಮ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ತಟ್ಟಿ, ಎತ್ತಿ ಅವರ ಕೈಗೆ ಕೊಡುತ್ತಾರೆ.

“ಹೊತ್ತುಟ್ಟೋಕ್ಮುಂಚೆ ಬಂದೋರ್ಗೆಲ್ಲ ಹಂಚೋಯ್ತು ಅನ್ನಪ್ಪ. ಕೋಳಿ ಬೇಕಿದ್ರೆ ಅವ್ರೂ ನಾಳೆ ಬೇಗ ಎದ್ದು ಬೇಲಿ ಹತ್ರ ಬಂದು ನಿಂತ್ಕಳ್ಳಿ.”