ಶನಿವಾರದ ಅರಳಿ

ಸಿಂಗಾಪುರ, ದೋಹಾ, ರಾಟರ್‌ಡ್ಯಾಮ್ ಎಂದು ಊರೂರು ಸುತ್ತಿ ಉದ್ಯಾನಗಳ ನಕ್ಷೆ ಬರೆದವನು ನಾನು. ಈಗ ವಾರವಿಡೀ ಕಾಲೇಜಿನಲ್ಲಿ ಅದನ್ನೇ ಪಾಠ ಹೇಳುತ್ತೇನೆ. ಹೋದ ವರ್ಷ ಶನಿವಾರಗಳಂದು ಮಾತ್ರ ಸಿಂಗಸಂದ್ರದ ಆಚೆ ಒಂದು ಐಟಿ ಕ್ಯಾಂಪಸ್ಸಿಗೆ ಹೋಗಿ ಅರಳಿ ಮರವೊಂದರ ತೊಗಟೆ ಕೆರೆಯುತ್ತಿದ್ದೆ. ಇಷ್ಟು ವರ್ಷದ ಅನುಭವ ಕೊನೆಗೆ ಹೆಬ್ಬೆರಳಿನ ಉಗುರಿಗೆ ಬಂದು ನಿಂತಿತ್ತು.

ಆ ಮರ ಕ್ಯಾಂಪಸ್ಸಿನ ಹೊಸ ಗೇಟಿಗೆ ಅಡ್ಡವಾಗಿತ್ತು. ಜಮೀನು ಕೊಟ್ಟ ಮನೆಯ ಹೆಂಗಸು ದಿನಾ ಬೆಳಗ್ಗೆ ಅದನ್ನು ಸುತ್ತುತ್ತಿದ್ದರು. ಕಡಿಯುವುದು ಬೇಡ, ಬೇರುಸಮೇತ ಎತ್ತಿ ಕಾಂಪೌಂಡಿನ ಮೂಲೆಯಲ್ಲಿ ನೆಡೋಣ ಎಂದು ಎಲ್ಲರನ್ನೂ ಒಪ್ಪಿಸಿದವನು ನಾನೇ. ಚಿಗುರದಿದ್ದರೆ ಕಡಿದು ಬೈಕ್ ಪಾರ್ಕಿಂಗ್ ಮಾಡುತ್ತೇವೆ ಎಂದು ಕಂಪನಿಯವರು ಹೇಳಿಟ್ಟಿದ್ದರು.

ಆಕೆಯದು ಒಂದೇ ಷರತ್ತು. "ಶನಿವಾರ ಬಿಟ್ಟು ಬೇರೆ ದಿನ ಅರಳಿ ಮರ ಮುಟ್ಟಂಗಿಲ್ಲ ಸಾರ್. ಕ್ರೇನೂ ಅಷ್ಟೇ, ನೀವೂ ಅಷ್ಟೇ."

"ದೇವ್ರಿಗೂ ವೀಕೆಂಡಾ ಅಕ್ಕ?" ಎಂದು ಕ್ರೇನಿನವನು ಗೊಣಗಿದ.

ಒಂದು ಶನಿವಾರವೇ ಮರ ಎತ್ತಿ ಮೂಲೆಯಲ್ಲಿ ನೆಟ್ಟೆವು. ಆಮೇಲೆ ನನ್ನ ಚಿಂತೆಗೂ ವಾರಕ್ಕೊಮ್ಮೆ ದರ್ಶನ. ಕೆರೆದಾಗ ಒಳಗೆ ಹಸಿರು ಕಂಡರೆ ಜೀವವಿದೆ, ಕಂದು ಕಂಡರೆ ಇಲ್ಲ. ಉಳಿದ ದಿನ ಪಾಠದ ನಡುವೆಯೇ ಮರ ಒಣಗುತ್ತಿರುವುದನ್ನು ಕಲ್ಪಿಸಿಕೊಳ್ಳುತ್ತಿದ್ದೆ. "ಸಾರ್, ಹುಷಾರಿದೀರಾ?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದೂ ಉಂಟು.

ಹಸಿರು ಮೊದಲು ಕೊಂಬೆಗಳಲ್ಲಿ ಮಾಯವಾಯಿತು, ಆಮೇಲೆ ಕಾಂಡದಲ್ಲಿ. ಶೌಚಾಲಯದ ನೀರನ್ನು ಶುದ್ಧ ಮಾಡಿ ಬಿಡುತ್ತಾರಲ್ಲ, ಅದು ಬೇಡ ಎಂದಿದ್ದೆ. ಬೋರ್‌ವೆಲ್ ಬತ್ತಿದ ಮೇಲೆ ಅದನ್ನೇ ಬಿಟ್ಟಿದ್ದರು. ಬುಡದ ಸುತ್ತ ಆ ನೀರಿನ ಉಪ್ಪು ಬೆಳ್ಳಗೆ ಕೂತಿತ್ತು.

ಆ ಶನಿವಾರ ಮಂಡಿಯೂರಿ ಬುಡದಲ್ಲೇ ಕೆರೆದೆ. ಕಂದು. ಇನ್ನೊಂದು ಕಡೆ ಕೆರೆದೆ. ಅಲ್ಲೂ ಅದೇ. ಆಕೆ ಹೂವಿನ ಬುಟ್ಟಿ ಹಿಡಿದು ಹಿಂದೆಯೇ ನಿಂತಿದ್ದರು.

"ಎಂಗೈತೆ ಸಾರ್?"

"ಹೋಯ್ತಮ್ಮ."

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಬೈಸಿಕೊಳ್ಳುವುದಕ್ಕೆ ನಾನು ದಾರಿಯುದ್ದಕ್ಕೂ ತಯಾರಾಗಿ ಬಂದಿದ್ದೆ.

"ಪರದೇಸದಲ್ಲೆಲ್ಲ ನೆಟ್ಟಿದೀನಿ ಅಂತಿದ್ರಲ್ಲ, ಅವು ಬದುಕಿದಾವಾ?"

"ಬದುಕಿರಬೇಕು."

"ಓಗಿ ನೋಡಿದ್ರಾ?"

ಉದ್ಘಾಟನೆಯ ಫೋಟೊ ತೆಗೆದ ಮರುದಿನ ವಿಮಾನ ಹತ್ತುವುದೇ ನನ್ನ ವೃತ್ತಿಯಾಗಿತ್ತು. ತರಗತಿಯಲ್ಲಿ ಇಂದಿಗೂ ತೋರಿಸುವುದು ಆ ಫೋಟೊಗಳನ್ನೇ.

"ಇಲ್ಲಮ್ಮ."

ಆಕೆ ಕಾಂಡಕ್ಕೆ ಸುತ್ತಿದ್ದ ಅರಿಶಿನದ ದಾರ ಬಿಚ್ಚತೊಡಗಿದರು. ಗಂಟು ಬಿಗಿದಿತ್ತು. ನಾನು ಕೈ ಹಾಕಲು ಹೋದೆ.

"ನೀವು ಬಿಡಿ ಸಾರ್" ಎಂದರು.